ಬದಲಾದುದು ಯಾವುದು?

ಕಟಪಾಡಿ ಪೇಟೆಯಿಂದ ಶಂಕರಪುರ, ಶಿರ್ವಗಳ ಕಡೆಗೆ ಹೊರಳುವ ದಾರಿಯಲ್ಲಿ ಇಂದು ಕಂಪ್ಯೂಟರಿಲ್ಲದ ಫೋಟೋ ಸ್ಟುಡಿಯೋವನ್ನಾಗಲಿ ಸಹಕಾರಿ ಸಂಘದ ಕಚೇರಿಯನ್ನಾಗಲಿ ಕಾಣುವುದು ದುರ್ಲಭ. ಮನೆಗಳಲ್ಲಿಯೂ, ಮಕ್ಕಳ ಕಾಲೇಜಿನ ನೆಪದಲ್ಲಿ ಕೊಂಡು ತಂದು, ಆ ಮಕ್ಕಳು ಬೆಂಗಳೂರಿಗೋ ದುಬಾಯಿಗೋ ಹೊರಟುಹೋದ ಬಳಿಕ ಹೆತ್ತವರ ಪಾಲಿಗೆ ಉಳಿದುಕೊಂಡ ಯಂತ್ರವೊಂದು ಚಾವಡಿಯ ಮೂಲೆಯಲ್ಲಿ ಇದ್ದೇ ಇರುತ್ತದೆ. ಮದುವೆ, ಸೀಮಂತ, ನೇಮ, ಕಂಬಳ, ಬಯಲಾಟಗಳ ಚಿತ್ರಗಳೂ ವಿಡಿಯೋಗಳೂ ವರ್ಷದಿಂದ ವರ್ಷಕ್ಕೆ ಬೆಳೆದು ಅದರ ಒಡಲು ತುಂಬಿದಾಗ, ಹೊಸ ಯಂತ್ರದ ವೆಚ್ಚಕ್ಕೆ ಅಂಜಿದ ಗೃಹಸ್ಥನು ಇನ್ನೊಂದು ಹಾರ್ಡ್ ಡಿಸ್ಕನ್ನು ತಂದು ಅದರೊಳಗೆ ಜೋಡಿಸುತ್ತಾನೆ; ಅಥವಾ ಮುಂಬಯಿಯ ಬಂಧುಗಳ ಮನೆಯಲ್ಲಿ ಕೆಟ್ಟು ಬಿದ್ದಿದ್ದ ಯಂತ್ರದಿಂದ ಬಿಚ್ಚಿ ತಂದ ಹಳೆಯ ಡಿಸ್ಕನ್ನೇ, ಅದರಲ್ಲಿ ಅಜ್ಜಿಯ ಕೊನೆಯ ವರ್ಷಗಳ ಚಿತ್ರಗಳಿವೆಯಂತೆ ಎಂಬ ಆಸೆಯಿಂದ, ಕೇಬಲಿಗೆ ಸಿಕ್ಕಿಸಿ ನೋಡುತ್ತಾನೆ. ಮುಚ್ಚಳವನ್ನು ಹಾಕಿ ಗುಂಡಿಯನ್ನೊತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹೊತ್ತುತ್ತದೆ. ಆದರೆ ಪರದೆಯ ಮೇಲೆ ನಿತ್ಯದ ವಿಂಡೋಸ್ ಮೂಡುವುದಿಲ್ಲ. ಕಪ್ಪು ನೆಲದ ಮೇಲೆ ಬಿಳಿಯ ಇಂಗ್ಲಿಷ್ ವಾಕ್ಯವೊಂದು ಬಂದು ನಿಲ್ಲುತ್ತದೆ. ಕೆಲವೊಮ್ಮೆ ಅದೂ ಇಲ್ಲ.

ಇಂಥ ಹೊತ್ತಿನಲ್ಲಿ ನಮ್ಮ ಸೀಮೆಯಲ್ಲಿ ಕೇಳಿಬರುವ ತೀರ್ಪುಗಳು ಎರಡೇ. ಒಂದು, “ಫಾರ್ಮ್ಯಾಟ್ ಮಾಡ್ಬೇಕಾಗ್ತದೆ ಸರ್” ಎಂಬುದು. ಇನ್ನೊಂದು, “ಮದರ್ ಬೋರ್ಡ್ ಹೋಗಿದೆ ಮಾರಾಯ್ರೆ, ಹೊಸತು ತಗೊಳ್ಳುದು ಒಳ್ಳೇದು” ಎಂಬುದು. ಇವೆರಡೂ ಸರ್ವಥಾ ಸುಳ್ಳೆಂದು ನಾನು ಹೇಳುತ್ತಿಲ್ಲ. ಯಾವುದೋ ಒಂದು ಪ್ರಸಂಗದಲ್ಲಿ ಇವುಗಳಲ್ಲೊಂದು ದಿಟವೂ ಆಗಿರಬಹುದು. ನನ್ನ ಆಕ್ಷೇಪವಿರುವುದು ವಿಚಾರಣೆಗೆ ಮೊದಲೇ ತೀರ್ಪು ಹೊರಬೀಳುವ ಈ ಪರಿಪಾಟಿಯ ಮೇಲೆ, ಮತ್ತು ಆ ತೀರ್ಪನ್ನು ತಲೆಬಾಗಿ ಒಪ್ಪಿಕೊಳ್ಳುವ ನಮ್ಮ ಅಭ್ಯಾಸದ ಮೇಲೆ.

ಫಾರ್ಮ್ಯಾಟಿನ ವಿಷಯವನ್ನೇ ನೋಡಿರಿ. ನಿನ್ನೆ ಸಂಜೆಯವರೆಗೆ ಹಳೆಯ ಡಿಸ್ಕು ತನ್ನ ಕರ್ತವ್ಯವನ್ನು ನಿರ್ವಂಚನೆಯಿಂದ ಮಾಡಿಕೊಂಡಿತ್ತು. ಆಗಂತುಕವಾಗಿ ಬಂದದ್ದು ಹೊಸ ಡಿಸ್ಕು. ತೊಂದರೆ ಆರಂಭವಾದದ್ದು ಅದು ಬಂದ ಮೇಲೆ. ಶಿಕ್ಷೆ ಮಾತ್ರ ಹಳೆಯದಕ್ಕೆ! ಅದರ ಬರಹವನ್ನೆಲ್ಲ ಒರಸಿ ವಿಂಡೋಸನ್ನು ಹೊಸತಾಗಿ ತುಂಬುವುದರಿಂದ ಸಡಿಲಗೊಂಡ ಕೇಬಲು ಬಿಗಿಯಾಗದು, ಯಂತ್ರಕ್ಕೆ ವಿದ್ಯುತ್ತನ್ನು ಹಂಚುವ, ಶಕ್ತಿ ಸಾಲದ ಎಸ್‌ಎಂಪಿಎಸ್‌ಗೆ ಶಕ್ತಿ ಬಾರದು. ಆದರೂ ಈ ಕ್ರಮಕ್ಕೆ ಇಷ್ಟೊಂದು ಖ್ಯಾತಿ ಬಂದುದಕ್ಕೆ ಕಾರಣವಿದೆ: ಫಾರ್ಮ್ಯಾಟ್ ಮಾಡುವ ಮೊದಲು ರಿಪೇರಿಯವನು ಪ್ರಾಯಶಃ ಹೊಸ ಡಿಸ್ಕನ್ನು ಕಳಚಿ ಬದಿಗಿಟ್ಟಿರುತ್ತಾನೆ, ಕೇಬಲುಗಳನ್ನು ಒಮ್ಮೆ ಒತ್ತಿರುತ್ತಾನೆ, ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸುವುದಕ್ಕಾಗಿ ಬಯೋಸಿನೊಳಗೆ ಹೋಗಿ ಬೂಟಿನ ಕ್ರಮವನ್ನು ತಿದ್ದಿರುತ್ತಾನೆ, ಯಂತ್ರವು ಎದ್ದದ್ದು ಇವುಗಳಲ್ಲಿ ಯಾವುದೋ ಒಂದರಿಂದಾದರೂ, ಕೀರ್ತಿಯೆಲ್ಲ ಫಾರ್ಮ್ಯಾಟಿಗೆ ಸಲ್ಲುತ್ತದೆ, ಮತ್ತು ಅದರೊಡನೆ ಹತ್ತು ವರ್ಷಗಳ ಚಿತ್ರಗಳೂ ಸಂದುಹೋಗುತ್ತವೆ.

ವಿಚಾರಣೆ ನಡೆಯಬೇಕಾದರೆ ಯಂತ್ರವು ಏಳುವ ಬಗೆಯನ್ನು ಸ್ವಲ್ಪಮಟ್ಟಿಗಾದರೂ ಅರಿತಿರಬೇಕು. ವಿದ್ಯುತ್ತು ಹರಿದೊಡನೆ ಡಿಸ್ಕು ಮಾತಾಡುವುದಿಲ್ಲ. ಮೊದಲು ಮಾತಾಡುವುದು ಮದರ್ ಬೋರ್ಡಿನ ಮೇಲಿರುವ ಚಿಕ್ಕ ಚಿಪ್ಪೊಂದರಲ್ಲಿ ಅಡಗಿರುವ ಬಯೋಸ್ ಎಂಬ ತಂತ್ರಾಂಶ. ಅದು ಪ್ರೊಸೆಸರು, ರ‍್ಯಾಮ್, ಕೀಲಿಮಣೆ, ಪರದೆಗಳು ಸ್ವಸ್ಥವಾಗಿವೆಯೇ ಎಂದು ಪರೀಕ್ಷಿಸಿ, ತದನಂತರ ತನ್ನಲ್ಲಿರುವ ಪಟ್ಟಿಯೊಂದನ್ನು ತೆರೆದು, ಅದರಲ್ಲಿ ಯಾವ ಡಿಸ್ಕಿನ ಹೆಸರು ಮೊದಲಿದೆಯೋ ಅದರ ಬಾಗಿಲನ್ನು ತಟ್ಟುತ್ತದೆ. ಹಳೆಯ ಪದ್ಧತಿಯ ಯಂತ್ರಗಳಲ್ಲಿ ಅದು ಓದುವುದು ಡಿಸ್ಕಿನ ಪ್ರಥಮ 512 ಬೈಟುಗಳನ್ನು ಮಾತ್ರ. ಆ ಬೈಟುಗಳ ಕೊನೆಯಲ್ಲಿ ನಿಗದಿಯಾದ ಎರಡಕ್ಷರದ ಮುದ್ರೆಯೊಂದು ಕಂಡರೆ, ಒಳಗೆ ಇರುವುದು ಯಾರೆಂದು ವಿಚಾರಿಸದೆ ಅಧಿಕಾರವನ್ನು ಅದಕ್ಕೆ ಒಪ್ಪಿಸಿ ತಾನು ಹಿಂದೆ ಸರಿಯುತ್ತದೆ. ಯುಇಎಫ್‌ಐ ಎಂಬ ಈಚಿನ ಪದ್ಧತಿಯಲ್ಲಿ ಈ ಕೆಲಸಕ್ಕೆ ಡಿಸ್ಕಿನಲ್ಲಿ ಪ್ರತ್ಯೇಕವಾದ ಸಣ್ಣ ಭಾಗವೊಂದಿದ್ದು, ವ್ಯವಹಾರವು ಸ್ವಲ್ಪ ಹೆಚ್ಚು ವಿವೇಕದಿಂದ ನಡೆಯುತ್ತದೆಯಾದರೂ ಪಟ್ಟಿಯೆಂಬುದು ಅಲ್ಲಿಯೂ ಇದೆ. ಆದುದರಿಂದ ಯಂತ್ರವು ಎಲ್ಲಿ ನಿಂತಿತು ಎಂಬುದೇ ಅರ್ಧ ಉತ್ತರ. ಪರದೆಯಲ್ಲಿ ಏನೂ ಕಾಣದೆ, ಬೀಪ್ ಎಂಬ ಸದ್ದು ಮಾತ್ರ ಮರುಮರಳಿ ಕೇಳಿದರೆ ವಿಂಡೋಸಿನ ಸರದಿ ಇನ್ನೂ ಬಂದೇ ಇಲ್ಲ. ಕಂಪನಿಯ ಲಾಂಛನ ಮೂಡಿ, ಅನಂತರ ಬೂಟ್ ಮಾಡತಕ್ಕ ಸಾಧನವಿಲ್ಲವೆಂಬ ವಾಕ್ಯ ಬಂದರೆ ಪಟ್ಟಿಯಲ್ಲೋ ಕೇಬಲಿನಲ್ಲೋ ತಪ್ಪಿದೆ. ವಿಂಡೋಸಿನ ಚಕ್ರ ತಿರುಗುತ್ತ ನಿಂತರೆ ಮಾತು ಬೇರೆ. ಆ ಬಿಳಿಯ ವಾಕ್ಯವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುವವರು, ಅಥವಾ ಕೈಯಲ್ಲಿರುವ ಮೊಬೈಲಿನಲ್ಲಿ ಅದರ ಚಿತ್ರವನ್ನಾದರೂ ತೆಗೆದುಕೊಳ್ಳುವವರು ನೂರರಲ್ಲಿ ಒಬ್ಬರಿರಲಾರರು. “ಎಂತದೋ ಇಂಗ್ಲಿಷಲ್ಲಿ ಬಂತು” ಎಂಬುದಿಷ್ಟೇ ರಿಪೇರಿಯವನಿಗೆ ಮುಟ್ಟುವ ವರದಿ.

ಮೊದಲು ಮಾಡತಕ್ಕ ಕೆಲಸ ಒಂದೇ: ಸೇರಿಸಿದುದನ್ನು ತೆಗೆಯುವುದು. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು ಉಳಿದ ವಿದ್ಯುತ್ತನ್ನು ಬರಿದುಮಾಡಿ, ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ, ಹೊಸ ಡಿಸ್ಕಿಗೆ ಹೋಗಿರುವ ಎರಡು ಕೇಬಲುಗಳನ್ನೂ ಕಳಚಿ, ಮತ್ತೆ ಯಂತ್ರವನ್ನು ಎಬ್ಬಿಸಿ ನೋಡಬೇಕು. ಎಸ್‌ಎಂಪಿಎಸ್ ಎಂಬ ತಗಡಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗೆ ಆಘಾತಕರವಾದ ವಿದ್ಯುತ್ತು ಉಳಿದಿರುವುದುಂಟು. ಯಾವುದು ಇದ್ದಾಗ ದೋಷವು ಇರುವುದೋ, ಯಾವುದು ಇಲ್ಲದಾಗ ದೋಷವೂ ಇಲ್ಲವಾಗುವುದೋ ಅದನ್ನು ದೋಷದ ಕಾರಣವೆಂದು ಹಿಡಿಯಬೇಕೆನ್ನುವ ಅನ್ವಯ-ವ್ಯತಿರೇಕದ ಕ್ರಮವನ್ನು ನಮ್ಮ ನೈಯಾಯಿಕರು ಎಂದೋ ಹೇಳಿಟ್ಟಿದ್ದಾರೆ. ವ್ಯಾಸತೀರ್ಥರ ತರ್ಕತಾಂಡವದಂಥ ಗ್ರಂಥಗಳನ್ನು ಗೌರವಿಸುತ್ತ ಬಂದ ಅಷ್ಟಮಠಗಳ ಉಡುಪಿಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ನಾವು ಅದನ್ನು ಮರೆತು, ಎರಡು ಕೇಬಲುಗಳನ್ನು ಕಳಚಿ ನೋಡುವ ಮೊದಲು ಹೊಸ ಮದರ್ ಬೋರ್ಡಿನ ದರವನ್ನು ವಿಚಾರಿಸುವುದು ಸೋಜಿಗವೇ ಸರಿ.

ಹೊಸ ಡಿಸ್ಕನ್ನು ಕಳಚಿದೊಡನೆ ಯಂತ್ರವು ಎಂದಿನಂತೆ ಎದ್ದಿತೆನ್ನಿ. ಆಗ ಹಳೆಯ ಡಿಸ್ಕೂ ವಿಂಡೋಸೂ ನಿರ್ದೋಷಿಗಳೆಂದು ಸಿದ್ಧವಾಯಿತು. ಫಾರ್ಮ್ಯಾಟಿನ ಮಾತು ಅಲ್ಲಿಗೆ ಮುಗಿಯಿತು. ಉಳಿದುದು, ಹೊಸಬನು ಬಂದಾಗ ಏನಾಗುತ್ತದೆಂಬ ಪ್ರಶ್ನೆ. ಬಹುತೇಕ ಪ್ರಸಂಗಗಳಲ್ಲಿ ಆಗುವುದಿಷ್ಟೇ: ಬಯೋಸು ತನ್ನ ಪಟ್ಟಿಯಲ್ಲಿ ಹೊಸ ಡಿಸ್ಕನ್ನು ಮೇಲಕ್ಕೆ ಏರಿಸಿರುತ್ತದೆ. ಅದು ಬರಿದಾದ ಡಿಸ್ಕಾದರೆ ಬೂಟ್ ಮಾಡಲು ಏನೂ ಇಲ್ಲವೆಂಬ ದೂರು ಬರುತ್ತದೆ. ಮುಂಬಯಿಯಿಂದ ಬಂದ ಹಳೆಯ ಡಿಸ್ಕಾದರೆ ಅದರಲ್ಲಿ ಆ ಊರಿನ ಆ ಯಂತ್ರಕ್ಕೆಂದು ಹೊಂದಿಸಿದ ವಿಂಡೋಸ್ ಇನ್ನೂ ಜೀವಂತವಾಗಿದ್ದು, ಅಪರಿಚಿತವಾದ ಮದರ್ ಬೋರ್ಡಿನ ಮೇಲೆ ಏಳಲು ಯತ್ನಿಸಿ, ನೀಲಿಯ ಪರದೆಯನ್ನು ತೋರಿಸಿ, ಮರಳಿ ಬೀಳುತ್ತದೆ. ಡಿಲೀಟ್ ಕೀಲಿಯನ್ನೋ ಎಫ್2 ಅನ್ನೋ ಒತ್ತಿ ಬಯೋಸಿನೊಳಗೆ ಹೋಗಿ ಯಂತ್ರದ ಮೊದಲಿನ ಡಿಸ್ಕನ್ನು ಪಟ್ಟಿಯ ತಲೆಯಲ್ಲಿ ಇಟ್ಟರೆ ಕೆಲಸ ತೀರಿತು. ಇದಕ್ಕೆ ಐದು ನಿಮಿಷ ಸಾಕು. ಒಳಗೆ ಏನನ್ನೂ ಸೇರಿಸದೆ, ಹೊರಗಿನಿಂದ ಯುಎಸ್‌ಬಿ ಡಿಸ್ಕನ್ನು ಸಿಕ್ಕಿಸಿಟ್ಟು ಮರೆತವರಿಗೂ ಇದೇ ಗತಿ ಒದಗುವುದುಂಟು. ಅವರು ಅದನ್ನು ಕಿತ್ತರೆ ಸಾಕು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು: ಈಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿನ ಬರಹವು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಇರುವುದು ಹೆಚ್ಚುತ್ತಿದೆ, ಬೂಟಿನ ಕ್ರಮ ಬದಲಾದಾಗ ಅದು ಸಂಶಯಪಟ್ಟು 48 ಅಂಕಿಗಳ ಕೀಲಿಯನ್ನು ಕೇಳಬಹುದು. ಆ ಅಂಕಿಗಳನ್ನು ಮೊದಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳದವನು, ಮುಚ್ಚಳದ ತಿರುಪಿಗೆ ಕೈಹಾಕದಿರುವುದೇ ಲೇಸು.

ಇನ್ನೊಂದು ಕಾರಣ ಶಕ್ತಿಯ ಅಭಾವ. ಮೂರೂವರೆ ಇಂಚಿನ ಹಾರ್ಡ್ ಡಿಸ್ಕು ಸ್ಥಿರವಾಗಿ ತಿರುಗುತ್ತಿರುವಾಗ ಬೇಡುವುದು ಅಲ್ಪ. ಆದರೆ ನಿಶ್ಚಲವಾಗಿದ್ದ ಅದರ ತಟ್ಟೆಗಳು ತಿರುಗತೊಡಗುವ ಮೊದಲ ಕೆಲವು ಕ್ಷಣಗಳಲ್ಲಿ ಹನ್ನೆರಡು ವೋಲ್ಟಿನ ತಂತಿಯಿಂದ ಎರಡು ಆಂಪಿಯರಿನಷ್ಟನ್ನು ಎಳೆಯುವುದುಂಟು. ಹತ್ತು ವರ್ಷ ಸವೆದ ಅಗ್ಗದ ಎಸ್‌ಎಂಪಿಎಸ್, ತನ್ನ ಮೈಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದರೂ, ಎರಡು ಡಿಸ್ಕುಗಳು ಏಕಕಾಲಕ್ಕೆ ಏಳುವ ಆ ಮುಹೂರ್ತದಲ್ಲಿ ಕುಸಿದುಬಿಡಬಹುದು. ಹಳೆಯ ಅಗಲ ಪಟ್ಟಿಯ ಐಡಿಇ ಕೇಬಲುಗಳ ಕಾಲದಲ್ಲಿ ಒಂದೇ ಕೇಬಲಿನ ಎರಡು ಡಿಸ್ಕುಗಳಿಗೆ ಜಂಪರುಗಳೆಂಬ ಪುಟ್ಟ ಕೊಂಡಿಗಳಿಂದ ಒಡೆಯ-ಆಳು ಎಂಬ ಸ್ಥಾನಗಳನ್ನು ನಿಶ್ಚಯಿಸಬೇಕಿತ್ತು. ಇಬ್ಬರೂ ಒಡೆಯರಾದರೆ ಯಂತ್ರಕ್ಕೆ ಇಬ್ಬರೂ ಕಾಣುತ್ತಿರಲಿಲ್ಲ. ಸಾಟಾ ಎಂಬ ಸಣ್ಣ ಕೇಬಲು ಬಂದ ಮೇಲೆ ಆ ಜಗಳ ಮುಗಿಯಿತು, ಬದಲಿಗೆ ಎಂ.2 ಎಂಬ ಚಪ್ಪಟೆ ಎಸ್‌ಎಸ್‌ಡಿಯನ್ನು ಸಿಕ್ಕಿಸಿದೊಡನೆ ಒಂದೆರಡು ಸಾಟಾ ಕಿಂಡಿಗಳನ್ನು ಸದ್ದಿಲ್ಲದೆ ಮುಚ್ಚಿಬಿಡುವ ಮದರ್ ಬೋರ್ಡುಗಳು ಬಂದಿವೆ. ಹಳೆಯ ಡಿಸ್ಕು ಆ ಮುಚ್ಚಿದ ಕಿಂಡಿಯಲ್ಲಿದ್ದರೆ ಸತ್ತಂತೆ ಕಾಣುತ್ತದೆ. ಪಕ್ಕದ ಕಿಂಡಿಗೆ ಬದಲಿಸಿದರೆ ಎದ್ದು ಕೂರುತ್ತದೆ.

ಈ ವೈಷಮ್ಯಗಳು ಇಂದಿನವಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಮದ್ರಾಸು ರಾಜ್ಯದಲ್ಲಿದ್ದ ನಮ್ಮ ಕಟಪಾಡಿ ಮೈಸೂರು ರಾಜ್ಯವನ್ನು ಸೇರಿದ 1956ರಲ್ಲಿಯೇ ಅಮೆರಿಕದ ಐಬಿಎಂ ಸಂಸ್ಥೆ ರಾಮಾಕ್ ಎಂಬ ಯಂತ್ರದೊಡನೆ ಪ್ರಪಂಚದ ಪ್ರಥಮ ಹಾರ್ಡ್ ಡಿಸ್ಕನ್ನು ಹೊರತಂದಿತು. ಐವತ್ತು ತಟ್ಟೆಗಳು, ಒಂದು ಟನ್ನಿಗೆ ಮಿಕ್ಕ ಭಾರ, ಹಿಡಿಯುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಅಂದಿನಿಂದ ಡಿಸ್ಕು ಬೆಳೆಯುತ್ತಲೇ ಬಂದಿತು. ಅದನ್ನು ಅಳೆಯುವ ಬಯೋಸಿನ ಲೆಕ್ಕ ಮಾತ್ರ ಪ್ರತಿ ಬಾರಿಯೂ ಹಿಂದೆ ಬಿದ್ದಿತು. 528 ಮೆಗಾಬೈಟಿನಲ್ಲಿ ಒಂದು ಗೋಡೆ. ಅದನ್ನು ದಾಟಿದರೆ 8.4 ಗಿಗಾಬೈಟಿನಲ್ಲಿ ಇನ್ನೊಂದು, ತರುವಾಯ 33.8ರಲ್ಲಿ, 137ರಲ್ಲಿ, ಕೊನೆಗೆ 2.2 ಟೆರಾಬೈಟಿನಲ್ಲಿ. ಇವುಗಳಲ್ಲಿ ಮೂರನೆಯದು ನಮ್ಮ ಪ್ರಸ್ತುತಕ್ಕೆ ಬಹಳ ಹತ್ತಿರದ್ದು. 1999ರ ನಡುಭಾಗಕ್ಕೆ ಮುಂಚಿನ ಅವಾರ್ಡ್ ಬಯೋಸ್ ಇದ್ದ ಅನೇಕ ಯಂತ್ರಗಳು, 33.8 ಗಿಗಾಬೈಟಿಗೆ ಮಿಕ್ಕ ಡಿಸ್ಕನ್ನು ಜೋಡಿಸಿದೊಡನೆ ಅದರ ಗಾತ್ರವನ್ನು ಎಣಿಸುವ ಯತ್ನದಲ್ಲಿಯೇ ಸ್ತಬ್ಧವಾಗಿ ನಿಂತುಬಿಡುತ್ತಿದ್ದವು. ಡಿಸ್ಕಿನ ತಯಾರಕರು ಅದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯವಾದುದು: ಡಿಸ್ಕಿನ ಬೆನ್ನಿನಲ್ಲಿ ಜಂಪರೊಂದನ್ನು ಇಟ್ಟು, ಅದನ್ನು ಸಿಕ್ಕಿಸಿದರೆ ಡಿಸ್ಕು ತನ್ನ ನಿಜವಾದ ಗಾತ್ರವನ್ನು ಮರೆಮಾಚಿ ತಾನು ಚಿಕ್ಕದೆಂದು ಸುಳ್ಳು ಹೇಳುವಂತೆ ಮಾಡಿದರು, ಯಂತ್ರ ಎದ್ದಿತು! ಆಗಲೂ ಈ ಕಾರಣವನ್ನು ತಿಳಿಯದೆ ನಿರಪರಾಧಿಯಾದ ಎಷ್ಟೋ ಮದರ್ ಬೋರ್ಡುಗಳು ಗುಜರಿಗೆ ಹೋಗಿರಲೇಬೇಕು.

ಇನ್ನು, ಹೊಸ ಡಿಸ್ಕನ್ನು ಕಳಚಿದ ಮೇಲೆಯೂ ಯಂತ್ರವು ಏಳದಿರುವ ಪ್ರಸಂಗ. ಅತ್ಯಂತ ಜಾಣರಾದವರೂ ಎಡವುವುದು ಇಲ್ಲಿ; ತೆಗೆದರೂ ಏಳಲಿಲ್ಲವಾದ್ದರಿಂದ ಆ ಡಿಸ್ಕು ಯಂತ್ರವನ್ನು ಸುಟ್ಟುಹಾಕಿತೆಂದು ಅವರು ನಿರ್ಣಯಿಸಿಬಿಡುತ್ತಾರೆ. ಆದರೆ ಆ ಸಂಜೆ ಬದಲಾದುದು ಡಿಸ್ಕೊಂದೇ ಎಂದು ಹೇಳಿದವರು ಯಾರು? ಪ್ಲಗ್ಗನ್ನು ಕಿತ್ತದ್ದು ಒಂದು ಬದಲಾವಣೆ. ಪೆಟ್ಟಿಗೆಯನ್ನು ಅಡ್ಡ ಮಲಗಿಸಿದ್ದು ಇನ್ನೊಂದು. ಹೊಸ ಕೇಬಲಿಗೆ ದಾರಿಮಾಡಲು ಹಳೆಯ ಕೇಬಲನ್ನು ಬದಿಗೆ ಸರಿಸಿದ್ದು ಮತ್ತೊಂದು. ಇಕ್ಕಟ್ಟಿನಲ್ಲಿ ಮೊಣಕೈ ರ‍್ಯಾಮಿಗೆ ತಗುಲಿದ್ದು, ತಗುಲಿದವನ ಅರಿವಿಗೇ ಬಾರದೆ ನಡೆದ ಮಗದೊಂದು.

ಪ್ಲಗ್ಗಿನ ವಿಷಯವನ್ನು ವಿಸ್ತರಿಸಿಯೇ ಹೇಳಬೇಕು. ಮದರ್ ಬೋರ್ಡಿನ ಮೇಲೆ ನಾಣ್ಯದಂತಹ ಗುಂಡನೆಯ ಬ್ಯಾಟರಿಯೊಂದಿರುತ್ತದೆ. ಅಂಗಡಿಯಲ್ಲಿ ಸಿಆರ್2032 ಎಂದರೆ ಕೊಡುತ್ತಾರೆ, ಕ್ರಯ ಅತ್ಯಲ್ಪ. ಯಂತ್ರಕ್ಕೆ ವಿದ್ಯುತ್ತಿನ ಸಂಪರ್ಕವಿಲ್ಲದಾಗ ಗಡಿಯಾರವನ್ನು ನಡೆಸುವುದೂ, ಅನೇಕ ಬೋರ್ಡುಗಳಲ್ಲಿ ಬಯೋಸಿನ ಆಯ್ಕೆಗಳನ್ನು ನೆನಪಿನಲ್ಲಿಡುವುದೂ ಅದರ ಹೊಣೆ. ವರ್ಷಗಟ್ಟಲೆ ಪ್ಲಗ್ಗಿನಲ್ಲಿಯೇ ಇದ್ದ ಯಂತ್ರದಲ್ಲಿ ಈ ಬ್ಯಾಟರಿ ಸತ್ತುಹೋಗಿದ್ದರೂ ಯಾರಿಗೂ ತಿಳಿಯದು, ಏಕೆಂದರೆ ಗುಂಡಿಯನ್ನು ಆರಿಸಿದ ಮೇಲೆಯೂ ಗೋಡೆಯಿಂದ ಬರುವ ಅಲ್ಪ ವಿದ್ಯುತ್ತು ಆ ನೆನಪನ್ನು ಕಾಪಾಡುತ್ತಿರುತ್ತದೆ. ಡಿಸ್ಕನ್ನು ಜೋಡಿಸುವುದಕ್ಕೆಂದು ಪ್ಲಗ್ಗನ್ನು ಕಿತ್ತ ಕ್ಷಣದಲ್ಲಿ ಬಯೋಸಿಗೆ ಎಲ್ಲವೂ ಮರೆತುಹೋಗುತ್ತದೆ; ಡಿಸ್ಕಿನೊಡನೆ ವ್ಯವಹರಿಸುವ ವಿಧಾನವೇ ಬೇರೊಂದಕ್ಕೆ ತಿರುಗಿ, ವಿಂಡೋಸಿಗೆ ತನ್ನ ಮನೆಯ ಬಾಗಿಲೇ ಕಾಣದಾಗುತ್ತದೆ. ಕಾಗೆ ಬಂದು ಕುಳಿತುದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಗಂಟುಹಾಕುವ ಕಾಕತಾಲೀಯಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯಲಾರದು. ಯಂತ್ರದ ಗಡಿಯಾರ ಹತ್ತಾರು ವರ್ಷ ಹಿಂದಿನ ತಾರೀಖನ್ನು ತೋರಿಸುತ್ತಿದ್ದರೆ ಬ್ಯಾಟರಿಯ ಕತೆ ಮುಗಿದಿದೆಯೆಂದು ತಿಳಿಯಬಹುದು.

ನಮ್ಮ ಕರಾವಳಿಯಲ್ಲಿ ರ‍್ಯಾಮಿನ ಪಾಡು ಬೇರೆಯೇ. ಮಟ್ಟು, ಕಾಪುಗಳ ಕಡಲಿನಿಂದ ಬೀಸುವ ಉಪ್ಪುಗಾಳಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಗಳಲ್ಲಿಯೇ ನೀರೊಸರುವ ಮಳೆಗಾಲ. ಇವೆರಡರ ನಡುವೆ ಲೋಹದ ಸಂಪರ್ಕಗಳ ಮೇಲೆ ಕಣ್ಣಿಗೆ ಕಾಣದ ಮಸುಕೊಂದು ಕೂರುತ್ತದೆ. ಅಲುಗದಿದ್ದಷ್ಟು ಕಾಲ ಆ ಸಂಪರ್ಕ ಹೇಗೋ ನಡೆದುಹೋಗುತ್ತದೆ. ಡಿಸ್ಕನ್ನು ಜೋಡಿಸುವಾಗ ಒಂದು ಕೂದಲೆಳೆಯಷ್ಟು ಸರಿದರೆ ಕಡಿದುಹೋಗುತ್ತದೆ. ರ‍್ಯಾಮನ್ನು ಹೊರತೆಗೆದು, ಅದರ ಹೊಂಬಣ್ಣದ ಅಂಚನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒರಸಿ, ಎರಡು ಕಡೆಯ ಕೊಂಡಿಗಳು ಟಕ್ಕೆಂದು ಕೂರುವಂತೆ ಒತ್ತುವುದು ಇಲ್ಲಿಯ ರಿಪೇರಿಯವರು ಬಲ್ಲ ಅತ್ಯುತ್ತಮ ವಿದ್ಯೆ. ಪುಸ್ತಕದ ಪಂಡಿತರು ಇದನ್ನು ನೋಡಿ ನಕ್ಕರೂ ಫಲ ಪ್ರತ್ಯಕ್ಷವಾಗಿದೆ. ಹವೆಯಲ್ಲಿ ಒದ್ದೆ ಹೆಚ್ಚಾಗಿರುವುದರಿಂದ, ಒಣ ಸೀಮೆಗಳಲ್ಲಿ ಭೀತಿ ಹುಟ್ಟಿಸುವ ಸ್ಥಾಯೀ ವಿದ್ಯುತ್ತಿನ ಕಾಟ ನಮಗೆ ಕಡಿಮೆ ಎಂಬುದು ಇದಕ್ಕೆ ಪ್ರತಿಯಾಗಿ ದೊರೆತ ಒಂದು ಸೌಭಾಗ್ಯ.

ಹೀಗಿರುವಾಗ ರಿಪೇರಿಯವನನ್ನು ಮಾತ್ರ ದೂರುವುದು ನ್ಯಾಯವಾದೀತೇ? ಶಂಕರಪುರದ ಮಲ್ಲಿಗೆಗೆ ಅಟ್ಟೆಗಿಷ್ಟೆಂದು ದಿನದಿನವೂ ದರ ನಿಶ್ಚಯವಾಗುತ್ತದೆ; ಯಂತ್ರದ ಮುಂದೆ ಕುಳಿತು ಅರ್ಧ ಗಂಟೆ ಯೋಚಿಸುವುದಕ್ಕೆ ಮಾತ್ರ ಈ ಊರಿನಲ್ಲಿ ದರವೇ ಇಲ್ಲ. ಕೇಬಲನ್ನು ಒತ್ತಿ, ಪಟ್ಟಿಯನ್ನು ತಿದ್ದಿ ಯಂತ್ರವನ್ನು ಎಬ್ಬಿಸಿಕೊಟ್ಟವನು ಮುನ್ನೂರು ರೂಪಾಯಿ ಕೇಳಿದರೆ “ಇಷ್ಟಕ್ಕೆಂತ ಮುನ್ನೂರು?” ಎನ್ನುತ್ತೇವೆ, ಎರಡು ದಿನ ಯಂತ್ರವನ್ನು ಅಂಗಡಿಯಲ್ಲಿರಿಸಿಕೊಂಡು ಎಲ್ಲವನ್ನೂ ಒರಸಿ ಮರಳಿಸಿದವನಿಗೆ ಅದಕ್ಕಿಂತ ಹೆಚ್ಚನ್ನು ಮರುಮಾತಿಲ್ಲದೆ ಎಣಿಸಿಕೊಡುತ್ತೇವೆ. ಫಾರ್ಮ್ಯಾಟಿಗೆ ಒಂದು ಹೆಸರಿದೆ, ಆದುದರಿಂದ ಒಂದು ಬೆಲೆಯೂ ಇದೆ. ಕಾರಣವನ್ನು ಕಂಡುಹಿಡಿಯುವ ಶ್ರಮಕ್ಕೆ ನಾವು ಬೆಲೆ ಕೊಡದಿರುವ ತನಕ ಅದನ್ನು ಯಾರೂ ಮಾರಲಾರರು. ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ, ಹಳೆಯ ಯಂತ್ರಗಳನ್ನು ಬಿಚ್ಚಿ ಎಸ್‌ಎಸ್‌ಡಿ ಸೇರಿಸಿ ಆಯುಸ್ಸನ್ನು ಹಿಗ್ಗಿಸುವ ಯತ್ನಗಳು ಹೆಚ್ಚದಿರವು; ಕೇಂದ್ರ ಸರಕಾರವೂ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಜಾಲತಾಣವೊಂದನ್ನು ತೆರೆದಿದೆ. ದುರಸ್ತಿಯ ಹಕ್ಕೇನೋ ಸರಿ, ದುರಸ್ತಿಯ ಅರಿವಿಲ್ಲದವನಿಗೆ ಅದರಿಂದ ದೊರೆಯುವುದು ಸ್ವಲ್ಪವೇ.

ಅರಿವು ಎಲ್ಲಿಂದ ಬರಬೇಕು? ಈ ಜಿಲ್ಲೆಗೆ ವಿದ್ಯೆಯ ಕೊರತೆಯಿದೆಯೆಂದು ಯಾರೂ ಹೇಳಲಾರರು. ಮಣಿಪಾಲದಲ್ಲಿ 1957ರಿಂದ ತಾಂತ್ರಿಕ ವಿದ್ಯಾಲಯವಿದೆ. ಕಾರ್ಕಳದ ನಿಟ್ಟೆಯಲ್ಲಿ 1986ರಿಂದ ಇದೆ. ಕನ್ನಡವನ್ನು ಕಂಪ್ಯೂಟರಿನಲ್ಲಿ ಸಲೀಸಾಗಿ ಟೈಪ್ ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ನಾಡೋಜ ಕೆ. ಪಿ. ರಾಯರು ಮಣಿಪಾಲದ ನಂಟುಳ್ಳವರೇ. ಆದರೆ ಇವೆಲ್ಲ ಗುಡ್ಡದ ಮೇಲಿನ ಮಾತಾಯಿತು. ಕೆಳಗಿನ ಹೈಸ್ಕೂಲುಗಳಲ್ಲಿ ಕಂಪ್ಯೂಟರ್ ಪಾಠವೆಂದರೆ ಟೈಪ್ ಮಾಡುವುದು, ಚಿತ್ರ ಬಿಡಿಸುವುದು, ಸ್ಲೈಡುಗಳನ್ನು ಜೋಡಿಸುವುದು ಇಷ್ಟೇ. ಪೆಟ್ಟಿಗೆಯ ಮುಚ್ಚಳವನ್ನು ತೆರೆದು ಇದು ಡಿಸ್ಕು, ಇದು ರ‍್ಯಾಮು, ಇದನ್ನು ಕಿತ್ತರೆ ಹೀಗೆ ಬೀಪಾಗುತ್ತದೆ, ಅದನ್ನು ಕಿತ್ತರೆ ಇಂಥ ವಾಕ್ಯ ಬರುತ್ತದೆ ಎಂದು ಮಕ್ಕಳಿಗೆ ತೋರಿಸುವ ಪರಿಪಾಠವಿಲ್ಲ. ಜೀವಶಾಸ್ತ್ರದ ಪಾಠಕ್ಕೆ ದಾಸವಾಳದ ಹೂವನ್ನು ಸೀಳಿ ತೋರಿಸುವ ಶಾಲೆಯೇ ಯಂತ್ರವನ್ನು ಮಾತ್ರ ಪರದೆ ಹೊದಿಸಿ ಪೂಜೆಗಿಡುತ್ತದೆ. ಆಯುಧಪೂಜೆಯ ದಿನ ಅದರ ಹಣೆಗೆ ಕುಂಕುಮವನ್ನೂ ಇಡುತ್ತದೆ. ಕುಂಕುಮ ಇರಲಿ, ಬೇಡವೆನ್ನುವುದಿಲ್ಲ.

ಬೇಕಾದ ಸಾಮಗ್ರಿ ಆ ಶಾಲೆಗಳಲ್ಲಿಯೇ ಇದೆ. ಮಾಹಿತಿ ಸಿಂಧುವಿನಿಂದ ಮೊದಲುಗೊಂಡು ಒಂದಾದ ಮೇಲೊಂದರಂತೆ ಬಂದ ಸರಕಾರಿ ಯೋಜನೆಗಳು ಕೊಟ್ಟುಹೋದ ಯಂತ್ರಗಳನ್ನು ನಿರುಪಯುಕ್ತವಾಗಿ ಕೋಣೆಯೊಂದರಲ್ಲಿ ಪೇರಿಸಿಟ್ಟಿರುವುದನ್ನು ಯಾವ ಊರಿನಲ್ಲಾದರೂ ನೋಡಬಹುದು. ಅವುಗಳಲ್ಲಿ ಎರಡನ್ನು ಮಕ್ಕಳ ಮುಂದಿಟ್ಟು, ಒಂದರ ಡಿಸ್ಕನ್ನು ಇನ್ನೊಂದಕ್ಕೆ ಸೇರಿಸಿ, ಅದು ಏಳದಿದ್ದಾಗ ಏಕೆಂದು ಅವರಿಂದಲೇ ಹೇಳಿಸುವುದಕ್ಕೆ ಮುಖ್ಯೋಪಾಧ್ಯಾಯರಿಗೆ ಮನಸ್ಸಿಲ್ಲದಿಲ್ಲ. ಅಡ್ಡ ನಿಲ್ಲುವುದು ಸ್ಟಾಕ್ ರಿಜಿಸ್ಟರು. ಸತ್ತು ವರ್ಷಗಳಾದರೂ ಆ ಪುಸ್ತಕದಲ್ಲಿ ಅವು ಜೀವಂತ ಆಸ್ತಿ. ವಿಲೇವಾರಿಯ ಆದೇಶವಿಲ್ಲದೆ ಒಂದು ತಿರುಪನ್ನು ಬಿಚ್ಚಿದರೂ ಲೆಕ್ಕ ತಪಾಸಣೆಯ ದಿನ ಉತ್ತರ ಕೊಡಬೇಕಾದವರು ಅವರೇ. ದುರಸ್ತಿಗೆ ಮೀರಿದ ಯಂತ್ರಗಳಲ್ಲಿ ಶಾಲೆಗೆ ಎರಡನ್ನು ‘ಬಿಚ್ಚಿ ನೋಡಲು’ ಎಂದು ಬರೆದು ಪಟ್ಟಿಯಿಂದ ತೆಗೆಯುವ ಅಧಿಕಾರವನ್ನು ಮುಖ್ಯೋಪಾಧ್ಯಾಯರಿಗೆ ಕೊಡುವ ಒಂದು ಪುಟದ ಸುತ್ತೋಲೆಯನ್ನು ಶಿಕ್ಷಣ ಇಲಾಖೆ ಹೊರಡಿಸಬಹುದು. ಅದಕ್ಕೆ ಹಣದ ಮಂಜೂರಾತಿ ಬೇಡ, ಹೊಸ ಹುದ್ದೆ ಬೇಡ. ಬರುವ ಜೂನಿನಲ್ಲಿ ಶಾಲೆಗಳು ತೆರೆಯುವ ಮೊದಲು ಅದು ಹೊರಬಂದರೆ, ಸ್ಕ್ರೂ ಡ್ರೈವರುಗಳನ್ನು ಕೊಡಿಸುವುದಕ್ಕೆ ಕಟಪಾಡಿಯಲ್ಲಿ ಹಳೆ ವಿದ್ಯಾರ್ಥಿಗಳು ಸಿಗದೆ ಹೋಗುವುದಿಲ್ಲ.